ಬೇಸಿಗೆ ರಜೆ ಮತ್ತು ಬಿ.ಎಸ್‌ಸಿ. ಓದುವ ಮಗಳು

ಬೇಸಿಗೆ ಬಂತೆಂದರೆ ನಿಮ್ಮ ಮನೆಯಲ್ಲೂ ಹಪ್ಪಳ, ಸಂಡಿಗೆಯ ಸಡಗರ ತಾನೇ? ಬಿ.ಎಸ್‌ಸಿ. ಓದುವ ಮಗಳಿದ್ದರೆ ತಾರಸಿಯಲ್ಲಿ ಕಾಗೆ ಓಡಿಸುವ ಕೆಲಸ ಅವಳದೇ. ಆದರೆ ಆ ಎರಡು ತಿಂಗಳು ಅವಳು ವಿಜ್ಞಾನಿಗಳ ಜೊತೆಗಿದ್ದು ಸಂಶೋಧನೆ ಕಲಿಯಬಹುದು, ಭತ್ಯೆಯೂ ಸಿಗುತ್ತದೆ ಎಂಬುದು ಗೊತ್ತೆ?

ಚಿಕ್ಕಬಾಣಾವರದ ನಮ್ಮ ಪಕ್ಕದ ಮನೆಯಾಕೆಗೆ ಗೊತ್ತಿರಲಿಲ್ಲ. ಹೇಳಿದರೆ, "ಅಯ್ಯೋ, ಅದೆಲ್ಲ ರ‍್ಯಾಂಕ್ ಬಂದೋರಿಗೆ ಕಣ್ರೀ" ಅಂದುಬಿಟ್ಟರು. ನೋಡಿ, ಜಕ್ಕೂರಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರವಿದೆ. ಅದು ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗರಾಜ್‌ನ ಅಕಾಡೆಮಿಗಳ ಜೊತೆ ಸೇರಿ ಇನ್ನೊಂದು ಕೊಡುತ್ತದೆ. ಇದರಲ್ಲಿ ಆಯ್ಕೆಯಾದವರನ್ನು ದೇಶದ ಯಾವುದಾದರೂ ಸಂಸ್ಥೆಯ ವಿಜ್ಞಾನಿಯೊಬ್ಬರ ಕೈಗೆ ಒಪ್ಪಿಸುತ್ತಾರೆ.

ರಜೆ ಬೇಸಿಗೆಯಲ್ಲಾದರೂ ಅರ್ಜಿಯ ಕಾಲ ಸಾಮಾನ್ಯವಾಗಿ ದಸರಾ, ದೀಪಾವಳಿಯ ಆಸುಪಾಸು. ಎಷ್ಟೋ ಮಕ್ಕಳು ಎಡವುವುದು ಇಲ್ಲೇ. ಅರ್ಜಿ ತುಂಬುವುದು ಕಂಪ್ಯೂಟರಿನಲ್ಲಿ. ಅಂಕಪಟ್ಟಿ ಬೇಕು, ಯಾವ ವಿಷಯದಲ್ಲಿ ಏನು ಕಲಿಯುವ ಆಸೆ ಎಂಬ ಚಿಕ್ಕ ಟಿಪ್ಪಣಿ ಬೇಕು. "ವಿಜ್ಞಾನವೆಂದರೆ ಚಿಕ್ಕಂದಿನಿಂದ ಇಷ್ಟ" ಎಂದು ಬರೆದರೆ ಸಾಲದು. ತರಗತಿಯಲ್ಲಿ ಯಾವ ಪ್ರಯೋಗ ಮಾಡಿದಳು, ಅದರಲ್ಲಿ ಯಾವ ಪ್ರಶ್ನೆ ತಲೆಯಲ್ಲಿ ಉಳಿಯಿತು, ಅದನ್ನು ಬರೆಯಲಿ. ಭಾಷೆ ಸರಳವಾಗಿದ್ದರೆ ಚಿಂತೆಯಿಲ್ಲ.

ಇನ್ನು ಪ್ರಾಧ್ಯಾಪಕರ ಶಿಫಾರಸು ಪತ್ರ. ಪಕ್ಕದ ಮನೆಯ ಹುಡುಗಿ ಮೊದಲ ವರ್ಷ ಕೊನೆಯ ವಾರದಲ್ಲಿ ಕೇಳಲು ಹೋದಳು. ಮೇಷ್ಟ್ರು ಊರಲ್ಲಿರಲಿಲ್ಲ, ಪತ್ರ ಬರಲಿಲ್ಲ, ಅರ್ಜಿ ಅಲ್ಲಿಗೇ ನಿಂತಿತು. ಪಾಪ, ಎರಡು ದಿನ ಊಟ ಬಿಟ್ಟಳು. ಮರುವರ್ಷ ಆಕೆಯ ತಾಯಿ ಗಣೇಶನ ಹಬ್ಬಕ್ಕೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ದಿನಾ ಜ್ಞಾಪಿಸಿ, ಒಂದು ತಿಂಗಳು ಮುಂಚೆಯೇ ಕೇಳಿಸಿದರು. ತಾಯಂದಿರು ಮಾಡಬಹುದಾದ ಕೆಲಸ ಇದೇ ನೋಡಿ!

ಈ ಸಲ ಆಯ್ಕೆಯಾಯಿತು. ಆದರೆ ಪುಣೆಗೆ! "ಮದುವೆ ವಯಸ್ಸಿನ ಹುಡುಗೀನ ಅಷ್ಟು ದೂರ ಕಳಿಸ್ತೀಯಾ?" ಎಂದು ಅಜ್ಜಿ ಮುನಿಸಿಕೊಂಡರು. ತಾಯಿ ವಾದಕ್ಕೆ ನಿಲ್ಲಲಿಲ್ಲ. ಹಾಸ್ಟೆಲ್ ಸಿಗುತ್ತದೆಯೇ, ಊಟ ಹೇಗೆ, ರಾತ್ರಿ ಪ್ರಯೋಗಶಾಲೆಯಿಂದ ವಾಪಸು ಬರುವುದು ಹೇಗೆ ಎಂದು ಮೊದಲೇ ಬರೆದು ಕೇಳಿಸಿದರು. ನೀವೂ ಕೇಳಿ, ಸಂಕೋಚ ಬೇಡ. ಆಮೇಲೆ ಮಗಳ ಜೊತೆ ತಾವೇ ರೈಲು ಹತ್ತಿದರು. ಹಾಸ್ಟೆಲಿನಲ್ಲಿ ಬೇರೆ ಬೇರೆ ಊರಿನ ಹೆಣ್ಣುಮಕ್ಕಳನ್ನು ಮಾತಾಡಿಸಿ, ಚಟ್ನಿಪುಡಿ ಹಂಚಿ, ನಿಶ್ಚಿಂತೆಯಿಂದ ಮರಳಿದರು.

ಆ ಬೇಸಿಗೆಯಲ್ಲಿ ಅವರ ಮನೆ ಸಂಡಿಗೆ ಅರ್ಧಕ್ಕರ್ಧ ಕಾಗೆಗಳ ಪಾಲಾಯಿತು. ಉಳಿದರ್ಧ ಕಾದವರು ಅಜ್ಜಿ.