ಮುಪ್ಪೆಂಬ ಅರ್ಹತೆ: ಹರಾರೆಯ ಆರೋಗ್ಯದ ಅಜ್ಜಿಯರು

ವೃದ್ಧರನ್ನು ಕುರಿತು ನಾವಾಡುವ ಮಾತಿನಲ್ಲಿ ಎರಡು ಭಾವಗಳುಂಟು: ಅವರು ಪೂಜ್ಯರೆಂಬುದು ಒಂದು, ಹೊರೆಯೆಂಬುದು ಇನ್ನೊಂದು. ಎರಡರಲ್ಲಿಯೂ ಅವರಿಗೆ ಮಾಡತಕ್ಕ ಕೆಲಸವಿಲ್ಲ. ಮುಪ್ಪನ್ನೇ ಅರ್ಹತೆಯೆಂದು ಗಣಿಸಿ, ಅದಕ್ಕೆ ಶಿಕ್ಷಣವನ್ನು ಕೂಡಿಸಿದರೆ ಏನಾಗಬಹುದೆಂಬುದಕ್ಕೆ ಆಫ್ರಿಕದ ಜಿಂಬಾಬ್ವೆಯಲ್ಲಿ ಒಂದು ನಿದರ್ಶನವಿದೆ.

೨೦೦೫ರಲ್ಲಿ ಅಲ್ಲಿನ ಸರ್ಕಾರ ನಗರಗಳ ಬಡವರ ವಸತಿಗಳನ್ನು ನೆಲಸಮ ಮಾಡಿತು. ಮನೆಯನ್ನೋ ಜೀವನೋಪಾಯವನ್ನೋ ಕಳೆದುಕೊಂಡವರು ಸುಮಾರು ಏಳು ಲಕ್ಷವೆಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ಕೋಟಿಗೆ ಮೀರಿದ ಜನಸಂಖ್ಯೆಗೆ ಮನೋವೈದ್ಯರಾದರೋ ಬೆರಳೆಣಿಕೆಯಷ್ಟು. ಅವರಲ್ಲೊಬ್ಬರಾದ ಡಾ. ಡಿಕ್ಸನ್ ಚಿಬಾಂಡ ಅವರಿಗೆ ೨೦೦೬ರಲ್ಲಿ ರಾಜಧಾನಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ ದೊರೆತ ಸಹಾಯಕರೆಂದರೆ ಹದಿನಾಲ್ಕು ಮಂದಿ ಅಜ್ಜಿಯರು. ಚಿಕಿತ್ಸಾಲಯದೊಳಗೆ ಕೊಠಡಿ ತೆರವಿರಲಿಲ್ಲ. ಆದಕಾರಣ ಹೊರಗೆ ಒಂದು ಬೆಂಚು ಹಾಕಿದರು.

ಮೊದಲು ಅದಕ್ಕಿಟ್ಟ ಹೆಸರು ‘ಮಾನಸಿಕ ಆರೋಗ್ಯದ ಬೆಂಚು’. ಆ ಹೆಸರಿನ ಬೆಂಚಿನ ಮೇಲೆ ಯಾರೂ ಕೂಡಲಾರರೆಂದು ಅಜ್ಜಿಯರು ‘ಸ್ನೇಹದ ಬೆಂಚು’ ಎಂದು ಬದಲಾಯಿಸಿದರು. ಖಿನ್ನತೆಯೆಂಬ ವೈದ್ಯಕೀಯ ಪದವನ್ನು ಬಿಟ್ಟು, ಅತಿಯಾಗಿ ಚಿಂತಿಸುವುದೆಂಬ ಅರ್ಥದ ‘ಕುಫುಂಗಿಸಿಸ’ ಎಂಬ ಶೋನ ಭಾಷೆಯ ಮಾತನ್ನೇ ಬಳಸಿದರು. ವ್ಯಾಧಿಯ ಪರೀಕ್ಷೆಗೆ ಶೋನದಲ್ಲಿಯೇ ರಚಿತವಾದ ಹದಿನಾಲ್ಕು ಪ್ರಶ್ನೆಗಳಿವೆ.

ಅಜ್ಜಿಯರಿಗೆ ಕೊಟ್ಟ ಶಿಕ್ಷಣ ಒಂದು ವಾರಕ್ಕಿಂತ ತುಸು ಹೆಚ್ಚು ಕಾಲದ್ದು. ಅದರ ತಿರುಳು ಗಮನಾರ್ಹವಾದುದು. ಹಿರಿಯರಿಗೆ ಸಹಜವಾದ ಉಪದೇಶವನ್ನು ತಡೆಹಿಡಿಯುವುದೇ ಅಲ್ಲಿನ ಮುಖ್ಯ ಪಾಠ. ಬಂದವರು ತಮ್ಮ ಕಷ್ಟಗಳನ್ನೆಲ್ಲ ಹೇಳಿಕೊಳ್ಳಬೇಕು. ಅವುಗಳಲ್ಲಿ ಒಂದನ್ನು ತಾವೇ ಆರಿಸಬೇಕು. ಕೈಲಾಗುವ ಒಂದು ಪರಿಹಾರವನ್ನು ತಾವೇ ಯೋಚಿಸಿ, ಆಚರಿಸಿ, ಮರಳಿ ಬಂದು ಫಲವನ್ನು ತಿಳಿಸಬೇಕು. ಮನಸ್ಸನ್ನು ತೆರೆಯುವುದು, ಮೇಲೆತ್ತುವುದು, ಬಲಪಡಿಸುವುದು ಎಂದು ಈ ಕ್ರಮಕ್ಕೆ ಮೂರು ಹಂತಗಳು, ಭೇಟಿಗಳು ಆರು. ನೆರೆಯವರ ದುಃಖವನ್ನು ತಾವೂ ಉಂಡವರಾದ್ದರಿಂದ ಅಜ್ಜಿಯರಿಗೆ ನಂಬಿಕೆ ಸುಲಭವಾಗಿ ಲಭಿಸಿತು. ಆ ನಂಬಿಕೆಯನ್ನು ಚಿಕಿತ್ಸೆಯಾಗಿಸಿದ್ದು ಈ ಕ್ರಮ. ಆತ್ಮಹತ್ಯೆಯ ಯೋಚನೆಯುಳ್ಳವರನ್ನು ಅವರು ಮೇಲಿನವರ ಬಳಿಗೆ ಕಳುಹಿಸಬೇಕು; ಅವರ ಕೆಲಸದ ಮೇಲ್ವಿಚಾರಣೆಯೂ ನಡೆಯುತ್ತದೆ.

ಫಲವನ್ನು ಅಳೆದೂ ನೋಡಿದ್ದಾರೆ. ೨೪ ಚಿಕಿತ್ಸಾಲಯಗಳ ೫೭೩ ಮಂದಿಯನ್ನು ಕುರಿತ ಪರೀಕ್ಷೆಯ ವರದಿ ೨೦೧೬ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಆರು ತಿಂಗಳ ತರುವಾಯ ಖಿನ್ನತೆಯ ಲಕ್ಷಣಗಳು ಉಳಿದಿದ್ದುದು ಬೆಂಚಿನ ನೆರವು ಪಡೆದವರಲ್ಲಿ ನೂರಕ್ಕೆ ಸುಮಾರು ೧೪ ಮಂದಿಗೆ, ವಾಡಿಕೆಯ ಆರೈಕೆ ಪಡೆದವರಲ್ಲಿ ಸುಮಾರು ೫೦ ಮಂದಿಗೆ.

ತಜ್ಞರ ವಿದ್ಯೆಯನ್ನು ಇತರರಿಗೆ ಹಂಚುವ ಕಾರ್ಯ ಕನ್ನಡನಾಡಿಗೆ ಹೊಸದಲ್ಲ. ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತಿತು. ೧೯೯೬ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಹರಾರೆ ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು, ಕೇರಿಯ ಹಿರಿಯರ ಅನುಭವವನ್ನೇ ಚಿಕಿತ್ಸೆಯ ಸಾಧನವಾಗಿಸಿತು. ಹೊರನಾಡಿನ ನಮ್ಮ ಸಂಘಗಳಲ್ಲಿ ನಿವೃತ್ತರಾದ ಹಿರಿಯರಿಗೆ ಕೊರತೆಯಿಲ್ಲ. ತಾಯಿನುಡಿಯಲ್ಲಿ ದುಃಖ ತೋಡಿಕೊಳ್ಳಲು ಕಿವಿಯೊಂದು ಸಿಗದೆ ಕೊರಗುವ ವೃದ್ಧರಿಗೂ ಕೊರತೆಯಿಲ್ಲ. ಸಭಾಭವನದ ಮೂಲೆಯಲ್ಲಿ ಬೆಂಚು ಹಾಕುವುದು ಕಷ್ಟವಲ್ಲ. ಅದರ ಮೇಲೆ ಕೂಡುವ ಹಿರಿಯರಿಗೆ ಕೇಳುವ ವಿದ್ಯೆಯನ್ನು ಕಲಿಸಿ, ಅವರ ಬೆನ್ನಿಗೊಬ್ಬ ವೈದ್ಯರನ್ನು ನಿಲ್ಲಿಸುವುದು ಆಗಬೇಕಾದ ಕಾರ್ಯ.