ಚಪ್ಪಾಳೆ ಬೇಡದ ಹಾಡು ದೇಶಾಂತರ ಹೊರಟ ಕತೆ

ತಿಂಗಳ ಹದಿನೈದನೇ ತಾರೀಖು ಎಂದರೆ ಇಂಗ್ಲೆಂಡಿನ ಚರ್ಚುಗಳಲ್ಲಿ ಹಾಡುವ ಹುಡುಗರಿಗೆ ದಿಗಿಲು. ಬೈಬಲಿನ 150 ಕೀರ್ತನೆಗಳನ್ನು ಮೂವತ್ತು ದಿನಗಳ ಬೆಳಗು-ಸಂಜೆಗೆ ಹಂಚಿಟ್ಟ ಹಳೆಯ ಪ್ರಾರ್ಥನಾ ಪುಸ್ತಕ, ಹದಿನೈದರ ಸಂಜೆಯ ಪಾಲಿಗೆ 78ನೇ ಕೀರ್ತನೆಯನ್ನು ಇಟ್ಟಿದೆ. ಅದರಲ್ಲಿ 73 ಚರಣಗಳು. ಪೂರ್ತಿ ಹಾಡಿದರೆ ಕಾಲು ಗಂಟೆಯ ಹೊತ್ತು ನಿಂತೇ ಇರಬೇಕು, ಉಸಿರು ಎಲ್ಲಿ ಎಳೆದುಕೊಳ್ಳುವುದೆಂದು ಮೊದಲೇ ಲೆಕ್ಕ ಹಾಕಿಕೊಂಡಿರಬೇಕು. ಕೇಳಲು ನೂರು ಜನ ಬಂದರೂ ಹತ್ತೇ ಜನ ಬಂದರೂ ಅಷ್ಟೇ. ಇದು ಕಚೇರಿಯಲ್ಲ, ಸೇವೆ.

ವಿದೇಶದ ಸಭಾಂಗಣಗಳಲ್ಲಿ ಟಿಕೆಟ್ ಕೊಂಡವರ ಮುಂದೆ ಹಾಡುವ ಕೇಂಬ್ರಿಡ್ಜಿನ ಕಾಲೇಜು ಗಾಯನವೃಂದಗಳ ಕಂಠ ಪಳಗಿದ್ದು ಈ ದಿನನಿತ್ಯದ ಸೇವೆಯಲ್ಲಿ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಕಿಂಗ್ಸ್ ಕಾಲೇಜಿನದು. ಹದಿನಾರು ಹುಡುಗರು, ಕಾಲೇಜಿನಲ್ಲಿ ಓದುತ್ತಲೇ ಹಾಡುವ ಹದಿನಾಲ್ಕು ಯುವಕರು, ಆರ್ಗನ್ ನುಡಿಸುವ ಇಬ್ಬರು ವಿದ್ಯಾರ್ಥಿಗಳು. ಸಂಖ್ಯೆ ಇಷ್ಟೇ.

ಹದಿನಾರು ಎಂಬ ಲೆಕ್ಕ ಹಾಕಿದ್ದು ಆರನೇ ಹೆನ್ರಿ. 1441ರಲ್ಲಿ ಕಾಲೇಜು ಸ್ಥಾಪಿಸಿದಾಗ ಈ ದೊರೆಗೆ ಹತ್ತೊಂಬತ್ತು ವರ್ಷ. ತನ್ನ ಗುಡಿಯಲ್ಲಿ ಹಾಡಲು ಹದಿನಾರು ಬಡ ಹುಡುಗರಿರಬೇಕೆಂದು ಅವನು ಕಟ್ಟಳೆ ಬರೆಸಿದ. 1446ರಲ್ಲಿ ಅಡಿಗಲ್ಲು ಬಿತ್ತು. ಆಮೇಲೆ ಅಂತರ್ಯುದ್ಧ ಬಂತು, ದೊರೆ ಪಟ್ಟ ಕಳೆದುಕೊಂಡ, ಕೆಲಸ ನಿಂತಿತು, ಮತ್ತೆ ಹೊರಟಿತು. ಬೀಸಣಿಗೆ ಬಿಚ್ಚಿಟ್ಟಂತೆ ಹರಡಿಕೊಂಡ ಕಲ್ಲಿನ ಚಾವಣಿಯನ್ನು ಜಾನ್ ವೇಸ್ಟೆಲ್ ಎಂಬ ಶಿಲ್ಪಿ ಮುಗಿಸುವ ಹೊತ್ತಿಗೆ 1515 ಆಗಿತ್ತು. ಉದ್ದ 88 ಮೀಟರ್, ಅಗಲ ಬರೀ 12, ಎತ್ತರ 24. ಈ ಅಳತೆಗಳನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಹಾಡಿನ ಅರ್ಧ ಕತೆ ಈ ಕಲ್ಲಿನಲ್ಲೇ ಇದೆ.

ಆಗ ಹಾಡುತ್ತಿದ್ದುದು ಲ್ಯಾಟಿನ್ನಿನಲ್ಲಿ. ಎಂಟನೇ ಹೆನ್ರಿ ರೋಮಿನ ಪೋಪರೊಡನೆ ಸಂಬಂಧ ಕಡಿದುಕೊಂಡ ಮೇಲೆ, ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ 1549ರಲ್ಲಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ತಂದರು. ಮಠಗಳಲ್ಲಿ ಸಂಜೆಗೊಂದು, ಮಲಗುವ ಮುನ್ನ ಇನ್ನೊಂದು ಎಂದಿದ್ದ ಪ್ರಾರ್ಥನೆಗಳನ್ನು ಬೆಸೆದು ಒಂದು ಮಾಡಿದರು. ಅದೇ ಈವನ್‌ಸಾಂಗ್. ಕೀರ್ತನೆಗಳು, ಯೇಸುವಿನ ತಾಯಿ ಮರಿಯಳ ಸ್ತೋತ್ರ, ಮುದುಕ ಸಿಮೆಯೋನನ ಗೀತೆ, ಕೊನೆಗೆ ವೃಂದದವರೇ ಹಾಡುವ ಒಂದು ಬಿಡಿ ರಚನೆ. ಅಕ್ಷರಕ್ಕೊಂದೇ ಸ್ವರ ಸಾಕು, ಮಾತು ಜನರಿಗೆ ತಿಳಿಯಬೇಕು ಎನ್ನುವುದು ಕ್ರಾನ್ಮರರ ಆಸೆ. ಹರಿದಾಸರು ಕನ್ನಡಕ್ಕೆ ಬಂದ ಕಾರಣವೂ ಇದಕ್ಕಿಂತ ಬಹಳ ದೂರದ್ದಲ್ಲ. ಆದರೆ ಸಂಗೀತಗಾರರು ಎಲ್ಲಿಯವರಾದರೂ ಸಂಗೀತಗಾರರೇ. ನಾಲ್ವರು ಅರಸರ ಕಾಲದಲ್ಲಿ ಆಸ್ಥಾನದಲ್ಲಿದ್ದು, ಧರ್ಮ ಆ ಕಡೆ ಈ ಕಡೆ ವಾಲಿದಾಗಲೆಲ್ಲ ಭಾಷೆ ಬದಲಿಸಿ ಬರೆದ ಥಾಮಸ್ ಟ್ಯಾಲಿಸ್, ಕೊನೆಯವರೆಗೂ ಕ್ಯಾಥೊಲಿಕ್ಕನಾಗಿಯೇ ಉಳಿದು ಇಂಗ್ಲಿಷ್ ಚರ್ಚಿಗೂ ಬರೆದ ವಿಲಿಯಂ ಬರ್ಡ್, ಕಿಂಗ್ಸ್‌ನಲ್ಲೇ ಹುಡುಗನಾಗಿ ಹಾಡಿದ ಒರ್ಲಾಂಡೊ ಗಿಬ್ಬನ್ಸ್, ಇವರು ಸೇರಿ ಆ ಸರಳ ನಿಯಮದ ಸುತ್ತ ಬಳ್ಳಿ ಹಬ್ಬಿಸಿಯೇ ಬಿಟ್ಟರು.

ಒಂದೇ ರಾಗದ ಎಳೆ ಹಿಡಿದು ಹೋಗುವ ನಮ್ಮ ಕಿವಿಗೆ ಇದು ಮೊದಲ ಸಲ ಗೊಂದಲವೆನಿಸಬಹುದು. ನಾಲ್ಕೈದು ಎಳೆಗಳು ಒಟ್ಟಿಗೇ ಹರಿಯುತ್ತವೆ. ಒಬ್ಬರು ಬಿಟ್ಟ ಮಾತನ್ನು ಎದುರು ಸಾಲಿನವರು ಎತ್ತಿಕೊಳ್ಳುತ್ತಾರೆ. ವೃಂದ ಎರಡು ಪಾಲಾಗಿ ಎದುರುಬದುರು ನಿಲ್ಲುವುದು ಅದಕ್ಕೇ.

1640ರ ದಶಕದಲ್ಲಿ ದೊರೆಯ ಪಕ್ಷ ಸೋತು, ಆರಾಧನೆಯಲ್ಲಿ ಆಡಂಬರ ಒಲ್ಲದ ಪ್ಯೂರಿಟನ್ನರ ಕೈ ಮೇಲಾದಾಗ ಪ್ರಾರ್ಥನಾ ಪುಸ್ತಕ ನಿಷೇಧವಾಯಿತು, ಚರ್ಚುಗಳ ವೃಂದಗಳು ಚದುರಿದವು. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ಹಾಡೂ ಮರಳಿತು. ನಂತರದ ಎರಡು ಶತಮಾನಗಳನ್ನು ಬೇಗ ದಾಟಬಹುದು.

ಕಿಂಗ್ಸ್‌ನ ಈಗಿನ ಧ್ವನಿ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಒಂದು ಆಡಳಿತದ ನಿರ್ಧಾರದಿಂದ. ಅಲ್ಲಿಯವರೆಗೆ ಗಂಡಸರ ಭಾಗಗಳನ್ನು ಹಾಡುತ್ತಿದ್ದವರು ಸಂಬಳದ ಗಾಯಕರು; ಅವರಲ್ಲಿ ವಯಸ್ಸಾದವರೂ ಇದ್ದರು. ಅವರ ಜಾಗಗಳು ಒಂದೊಂದಾಗಿ ತೆರವಾದಂತೆ ವಿದ್ಯಾರ್ಥಿವೇತನ ಕೊಟ್ಟು ಓದುವ ಹುಡುಗರನ್ನು ತುಂಬುತ್ತ ಬಂದರು. 1876ರಿಂದ 1929ರವರೆಗೆ ಆರ್ಗನಿಸ್ಟ್ ಆಗಿದ್ದ ಆರ್ಥರ್ ಹೆನ್ರಿ ಮಾನ್ ಅವರ ಕಾಲ ಮುಗಿಯುವಷ್ಟರಲ್ಲಿ ಈ ಬದಲಾವಣೆ ಹೆಚ್ಚುಕಡಿಮೆ ಪೂರ್ತಿಯಾಗಿತ್ತು. ಇಪ್ಪತ್ತರ ಆಸುಪಾಸಿನ ಹಗುರ ಕಂಠ, ಮೂರು ವರ್ಷಕ್ಕೊಮ್ಮೆ ಬದಲಾಗುವ ಮುಖ, ಆ ಉದ್ದನೆಯ ಕಲ್ಲುಗುಡಿ: ಕಿಂಗ್ಸ್ ಧ್ವನಿ ಎಂದು ಜನ ಗುರುತಿಸುವುದು ಈ ಮೂರರ ಬೆರಕೆಯನ್ನು.

ಹಾಗಿದ್ದರೂ ಆ ಧ್ವನಿ ಕೇಂಬ್ರಿಡ್ಜಿನ ಆಚೆ ಹೋದದ್ದು ಒಂದು ಯುದ್ಧ ಮತ್ತು ಒಂದು ಯಂತ್ರದಿಂದ. ಮೊದಲ ಮಹಾಯುದ್ಧದಲ್ಲಿ ಸೇನೆಯ ಪಾದ್ರಿಯಾಗಿದ್ದ ಎರಿಕ್ ಮಿಲ್ನರ್-ವೈಟ್ 1918ರಲ್ಲಿ ಕಿಂಗ್ಸ್‌ನ ಡೀನ್ ಆದರು. ಅಷ್ಟು ಸಾವು ಕಂಡು ಬಂದವರಿಗೆ ಎಂದಿನ ಆರಾಧನೆ ಸಾಲದು ಅನಿಸಿತು. ಟ್ರೂರೋ ಊರಿನಲ್ಲಿ 1880ರಲ್ಲಿ ಮರದ ತಾತ್ಕಾಲಿಕ ಚರ್ಚಿನೊಳಗೆ ಬಿಷಪ್ ಬೆನ್ಸನ್ ನಡೆಸಿದ್ದ ಒಂಬತ್ತು ಪಾಠಗಳ ಕ್ರಮವನ್ನು ಎತ್ತಿಕೊಂಡು, 1918ರ ಡಿಸೆಂಬರ್ 24ಕ್ಕೆ ಕಿಂಗ್ಸ್‌ನಲ್ಲಿ ಶುರುಮಾಡಿದರು. ಬೈಬಲಿನಿಂದ ಒಂದು ಪಾಠ, ಹಿಂದೆಯೇ ಒಂದು ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡು. ಮೊದಲ ಪಾಠ ಓದುವುದು ವೃಂದದ ಹುಡುಗ, ಕೊನೆಯದನ್ನು ಕಾಲೇಜಿನ ಮುಖ್ಯಸ್ಥರು. 1928ರಲ್ಲಿ ಬಿಬಿಸಿ ಅದನ್ನು ರೇಡಿಯೊದಲ್ಲಿ ಬಿತ್ತರಿಸಿತು. 1930 ಒಂದನ್ನು ಬಿಟ್ಟರೆ ಅಲ್ಲಿಂದ ಯಾವ ವರ್ಷವೂ ತಪ್ಪಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಣ್ಣದ ಗಾಜುಗಳನ್ನು ಬಿಚ್ಚಿ ಅಡಗಿಸಿಟ್ಟಿದ್ದಾಗಲೂ, ಸ್ಥಳದ ಹೆಸರು ಹೇಳದೆ, ಹಾಡು ಹೋಯಿತು.

ಆ ಕಾರ್ಯಕ್ರಮ ಶುರುವಾಗುವುದೇ ಒಬ್ಬ ಹುಡುಗನ ಒಂಟಿ ಕಂಠದಿಂದ. 1982ರಿಂದ 2019ರವರೆಗೆ ನಿರ್ದೇಶಕರಾಗಿದ್ದ ಸ್ಟೀಫನ್ ಕ್ಲಿಯೊಬರಿ, ಯಾರು ಹಾಡಬೇಕೆಂಬುದನ್ನು ಕೊನೆಯ ಕ್ಷಣದವರೆಗೂ ಹೇಳುತ್ತಿರಲಿಲ್ಲ. ಪ್ರಸಾರದ ಕೆಂಪು ದೀಪ ಹೊತ್ತಿಕೊಳ್ಳುವಾಗ ಒಬ್ಬನತ್ತ ಬೆರಳು ತೋರಿಸುತ್ತಿದ್ದರು. ರಾತ್ರಿಯಿಡೀ ಹೆದರಿ ಕೂರಲು ಹುಡುಗನಿಗೆ ಸಮಯವೇ ಸಿಗದಿರಲೆಂದು ಈ ಉಪಾಯ. ಉಳಿದ ಹುಡುಗರಿಗೆ ಇದರಿಂದ ಎಷ್ಟು ನೆಮ್ಮದಿ ಸಿಕ್ಕಿತೋ, ಅದು ಬೇರೆ ಮಾತು.

ರೇಡಿಯೊ ಮಾಡಿದ ಕೆಲಸವನ್ನು ಗ್ರಾಮಫೋನ್ ತಟ್ಟೆ ಮುಂದುವರಿಸಿತು. ಡೇವಿಡ್ ವಿಲ್‌ಕಾಕ್ಸ್ ನಿರ್ದೇಶನದಲ್ಲಿ 1963ರಲ್ಲಿ ಧ್ವನಿಮುದ್ರಣವಾದ ಅಲ್ಲೆಗ್ರಿಯ 'ಮಿಸೆರೆರೆ' ಇಟಲಿಯ ರಚನೆ. ಕಿಂಗ್ಸ್‌ನವರು ಹಾಡಿದ್ದು ಮಾತ್ರ ಇಂಗ್ಲಿಷಿನಲ್ಲಿ. ಅದರಲ್ಲಿ ತಾರಸ್ಥಾಯಿಗೆ ಜಿಗಿಯುವ ಭಾಗ ಹಾಡಿದ ಹುಡುಗ ರಾಯ್ ಗುಡ್‌ಮನ್ ಅಂದು ರಗ್ಬಿ ಆಟದಿಂದ ಓಡಿಬಂದು ಮಂಡಿಯ ಕೆಸರಲ್ಲೇ ನಿಂತು ಹಾಡಿದನಂತೆ. 1968ರಲ್ಲಿ ಕಿಂಗ್ಸ್‌ನ ವಿದ್ಯಾರ್ಥಿ ಗಾಯಕರೇ ಮುಂದಾಗಿ ಕಟ್ಟಿದ ಆರು ಜನರ 'ಕಿಂಗ್ಸ್ ಸಿಂಗರ್ಸ್' ತಂಡ ಪ್ರವಾಸವನ್ನೇ ವೃತ್ತಿ ಮಾಡಿಕೊಂಡಿತು.

ಕಟ್ಟಡವನ್ನು ಮಾತ್ರ ಯಾರೂ ಪೆಟ್ಟಿಗೆಗೆ ತುಂಬಲಾರರು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಸಮೀಪದ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಬದಲಿ ಆರ್ಗನಿಸ್ಟ್ ಆಗಿದ್ದ ಹರ್ಬರ್ಟ್ ಹೊವೆಲ್ಸ್, ಇದೇ ಮಿಲ್ನರ್-ವೈಟ್ ಜೊತೆ ಒಂದು ಗಿನಿ ಪಂದ್ಯ ಕಟ್ಟಿ ಕಿಂಗ್ಸ್‌ಗೆಂದು ಆರಾಧನಾ ಸಂಗೀತ ಬರೆದದ್ದಾಗಿ ಹೇಳಿಕೊಂಡಿದ್ದಾರೆ. ಅದರ ಹೆಸರು 'ಕೊಲೀಜಿಯಂ ರೆಗಾಲೆ'. ಆಮೇಲೆ ಗ್ಲಾಸ್ಟರ್‌ಗೆ ಒಂದು, ಲಂಡನ್ನಿನ ಸೇಂಟ್ ಪಾಲ್ಸ್‌ಗೆ ಒಂದು ಬರೆದರು, ಆಯಾ ಗುಡಿಯ ಮರುದನಿಗೆ ತಕ್ಕಂತೆ. ಸೇಂಟ್ ಪಾಲ್ಸ್‌ನದರಲ್ಲಿ ಸ್ವರಮೇಳಗಳು ನಿಧಾನವಾಗಿ ಬದಲಾಗುತ್ತವೆ. ಅಲ್ಲಿನ ಗುಮ್ಮಟದಡಿ ಹಿಂದಿನ ಸ್ವರ ಆರುವವರೆಗೆ ಕಾಯಬೇಕಲ್ಲ! ಇಂಥ ಕೃತಿಯನ್ನು ಕಾರ್ಪೆಟ್ ಹಾಸಿದ ಸಭಾಂಗಣದಲ್ಲಿ ಹಾಡುವುದೆಂದರೆ ಬಾವಿಯ ಮೀನನ್ನು ತಟ್ಟೆಯಲ್ಲಿ ಈಜಿಸಿದಂತೆ. ಪ್ರವಾಸದ ನಿರ್ದೇಶಕರು ಹೊಸ ಊರಿನಲ್ಲಿ ಮೊದಲು ಚಪ್ಪಾಳೆ ತಟ್ಟಿ ಗೋಡೆ ಏನು ಹೇಳುತ್ತದೆಂದು ಕೇಳಿ, ಆಮೇಲೆ ಕಾಲ ಹಿಡಿಯಬೇಕಾಗುತ್ತದೆ.

ಪ್ರವಾಸಕ್ಕೆ ಇನ್ನೊಂದು ತೊಡಕು ಮಕ್ಕಳೇ. ಒಂಬತ್ತು ಹತ್ತರ ಹುಡುಗರನ್ನು ಕರೆದೊಯ್ದರೆ ಅವರ ಶಾಲೆ, ಊಟ, ನಿದ್ದೆ ಎಲ್ಲ ನೋಡಿಕೊಳ್ಳಬೇಕು. 1972ರಲ್ಲಿ ಕ್ಲೇರ್ ಕಾಲೇಜು ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡು, ಮೇಲಿನ ಸ್ವರಗಳನ್ನು ಅವರಿಗೇ ಒಪ್ಪಿಸಿದಾಗ ಈ ಗಂಟು ಬಿಚ್ಚಿತು. ಎಲ್ಲರೂ ವಿದ್ಯಾರ್ಥಿಗಳು, ರಜೆ ಬಂದರೆ ಚೀಲ ಕಟ್ಟಿ ಹೊರಟರಾಯಿತು. 1975ರಿಂದ 79ರವರೆಗೆ ಅದರ ನಿರ್ದೇಶಕರು ಜಾನ್ ರಟ್ಟರ್, ಮುಂದೆ ಕ್ಯಾರಲ್‌ಗಳಿಂದ ಜಗತ್ತಿಗೆಲ್ಲ ಪರಿಚಿತರಾದವರು. ಟ್ರಿನಿಟಿ ಕಾಲೇಜು 1982ರಲ್ಲಿ ಅದೇ ದಾರಿ ಹಿಡಿಯಿತು. ಸೇಂಟ್ ಜಾನ್ಸ್ 2022ರಲ್ಲಿ ಹುಡುಗಿಯರಿಗೂ ಬಾಗಿಲು ತೆರೆಯಿತು. ಕ್ಲೇರ್ ಜೊತೆಗೇ 1972ರಲ್ಲಿ ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡಿದ್ದ ಕಿಂಗ್ಸ್ ಮಾತ್ರ ಮುಖ್ಯ ವೃಂದದಲ್ಲಿ ಹುಡುಗರನ್ನೇ ಇಟ್ಟುಕೊಂಡು, ಹೆಣ್ಣುದನಿಗಳಿಗೆ 'ಕಿಂಗ್ಸ್ ವಾಯ್ಸಸ್' ಎಂಬ ಬೇರೆ ವೃಂದ ಕಟ್ಟಿ ಸೋಮವಾರದ ಸಂಜೆ ಕೊಟ್ಟಿತು. ಪರಂಪರೆಯ ಹೆಸರಿನಲ್ಲಿ ಒಪ್ಪಬಹುದಾದರೂ, ವಾರಕ್ಕೊಂದು ಸಂಜೆ ಕಡಿಮೆಯೇ.

ಕ್ರಿಸ್‌ಮಸ್ ಹಿಂದಿನ ದಿನ ಕೇಂಬ್ರಿಡ್ಜಿನಲ್ಲಿ ಮಧ್ಯಾಹ್ನ ಮೂರು ಗಂಟೆ ಎಂದರೆ ನಮ್ಮಲ್ಲಿ ರಾತ್ರಿ ಎಂಟೂವರೆ. ರೇಡಿಯೊ ಹಾಕಿದರೆ ಆ ಒಂಟಿ ಕಂಠ ಇಲ್ಲಿಗೂ ಕೇಳುತ್ತದೆ. ಆ ಊರಿಗೇ ಹೋಗುವವರು ಟರ್ಮ್ ನಡೆಯುವ ದಿನಗಳಲ್ಲಿ ಹೋಗಿ. ಹಗಲಲ್ಲಿ ಗುಡಿ ನೋಡಲು ದುಡ್ಡು ಕೇಳುತ್ತಾರೆ, ಸಂಜೆಯ ಈವನ್‌ಸಾಂಗ್‌ಗೆ ಕೇಳುವುದಿಲ್ಲ. ಮುಗಿದ ಮೇಲೆ ಚಪ್ಪಾಳೆ ಮಾತ್ರ ತಟ್ಟಬೇಡಿ.