ಮಲತಂದೆಯ ಕಸುಬು

1869ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸಿಸ್ ಗಾಲ್ಟನ್‌ನ ಪುಸ್ತಕವೊಂದು ಪ್ರಕಟವಾಯಿತು. ಪ್ರತಿಭೆ ರಕ್ತದಲ್ಲೇ ಬರುತ್ತದೆ ಎಂಬುದು ಅದರ ವಾದ. ನ್ಯಾಯಾಧೀಶರು, ಸೇನಾನಿಗಳು, ವಿಜ್ಞಾನಿಗಳು ಕೆಲವೇ ಮನೆತನಗಳಲ್ಲಿ ಮತ್ತೆ ಮತ್ತೆ ಹುಟ್ಟುತ್ತಾರೆಂದು ತೋರಿಸಲು ಅವನು ವಂಶಾವಳಿಗಳನ್ನು ರಾಶಿ ಹಾಕಿದ್ದ. ಅದೇ ವರ್ಷದ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಉತ್ತರದ ದ್ವೀಪಗಳ ನಡುವೆ ಹದಿನೆಂಟರ ಹುಡುಗನೊಬ್ಬ ಅಪ್ಪನ ಜತೆ ಹಡಗು ಹತ್ತಿ ದೀಪಸ್ತಂಭಗಳ ತಪಾಸಣೆಗೆ ಹೊರಟಿದ್ದ. ಅಜ್ಜ ದೀಪಸ್ತಂಭದ ಎಂಜಿನಿಯರ್, ದೊಡ್ಡಪ್ಪಂದಿರಿಬ್ಬರೂ ಅದೇ, ಅಪ್ಪನೂ ಅದೇ. ಗಾಲ್ಟನ್‌ನ ಲೆಕ್ಕ ಸರಿಯಿದ್ದರೆ ಹುಡುಗನೂ ಸಮುದ್ರದ ನಡುವೆ ಗೋಪುರ ಕಟ್ಟಬೇಕಿತ್ತು. ಅವನು ಕಟ್ಟಲಿಲ್ಲ, ‘ಟ್ರೆಷರ್ ಐಲೆಂಡ್’ ಬರೆದ. ಹೆಸರು ರಾಬರ್ಟ್ ಲೂಯಿ ಸ್ಟೀವನ್‌ಸನ್.

ಈ ಮನೆತನದಲ್ಲಿ ನಾಲ್ಕು ತಲೆಮಾರುಗಳಿಂದ ಎಂಟು ಮಂದಿ ದೀಪಸ್ತಂಭದ ಎಂಜಿನಿಯರುಗಳಾದರು. ವಂಶವಾಹಿ ಪ್ರತಿಭೆಗೆ ಇದಕ್ಕಿಂತ ಸಾಕ್ಷಿ ಬೇಕೇ ಎನ್ನುವವರು ಮೊದಲ ತಲೆಮಾರನ್ನು ಒಮ್ಮೆ ನೋಡಬೇಕು.

1772ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ರಾಬರ್ಟ್ ಸ್ಟೀವನ್‌ಸನ್‌ಗೆ ಎರಡು ವರ್ಷ ತುಂಬುವ ಹೊತ್ತಿಗೆ ಅಪ್ಪ ವೆಸ್ಟ್ ಇಂಡೀಸಿನಲ್ಲಿ ಜ್ವರ ಬಂದು ತೀರಿಕೊಂಡ. ಅವನು ವ್ಯಾಪಾರಕ್ಕೆ ಹೋಗಿದ್ದವನು, ದೀಪಕ್ಕೂ ಅವನಿಗೂ ಸಂಬಂಧವಿಲ್ಲ. ಮುಂದೆ ತಾಯಿ ಮದುವೆಯಾದದ್ದು ಎಡಿನ್‌ಬರೋದ ಥಾಮಸ್ ಸ್ಮಿತ್‌ನನ್ನು. ಸ್ಮಿತ್ ದೀಪ ತಯಾರಿಸುವವನು. ಎಣ್ಣೆದೀಪದ ಹಿಂದೆ ಹೊಳಪಿನ ಪ್ರತಿಫಲಕ ಕೂರಿಸಿ ಊರಿನ ಬೀದಿಗಳಿಗೆ ಬೆಳಕು ತಂದವನು. 1786ರಲ್ಲಿ ಸ್ಕಾಟ್ಲೆಂಡಿನ ದೀಪಸ್ತಂಭ ಮಂಡಳಿ ಹುಟ್ಟಿದಾಗ ಅದರ ಮೊದಲ ಎಂಜಿನಿಯರ್ ಅವನೇ ಆದ. ರಾಬರ್ಟ್ ಕೆಲಸ ಕಲಿತದ್ದು ಈ ಮಲತಂದೆಯ ಕೈಕೆಳಗೆ. ಚಳಿಗಾಲದಲ್ಲಿ ಕಾಲೇಜಿನ ಉಪನ್ಯಾಸ ಕೇಳುವುದು, ಬೇಸಿಗೆಯಲ್ಲಿ ದ್ವೀಪಗಳಿಗೆ ಹೋಗಿ ಗೋಪುರ ಕಟ್ಟಿಸುವುದು. ಪದವಿ ಅವನಿಗೆ ಕೊನೆಗೂ ಸಿಗಲಿಲ್ಲ. 1799ರಲ್ಲಿ ಸ್ಮಿತ್‌ನ ಮೊದಲ ಹೆಂಡತಿಯ ಮಗಳನ್ನೇ ಮದುವೆಯಾದ. ಹೀಗೆ ಸ್ಮಿತ್‌ನ ಕಸುಬು ಸ್ಟೀವನ್‌ಸನ್ ಎಂಬ ಕುಲನಾಮದ ಮನೆಗೆ ಬಂತು.

ತಳಿವಿಜ್ಞಾನಿಗಳಿಗೆ ಕುಲನಾಮವೆಂದರೆ ಬಲು ಪ್ರೀತಿ. ಅಪ್ಪನಿಂದ ಮಗನಿಗೆ ಹೆಸರು ಇಳಿಯುವ ದಾರಿಯಲ್ಲೇ ವೈ ವರ್ಣತಂತುವೂ ಇಳಿಯುವುದರಿಂದ, ಬ್ರಿಟನ್ನಿನ ಅಪರೂಪದ ಕುಲನಾಮಗಳನ್ನು ಹೊತ್ತ ಗಂಡಸರಲ್ಲಿ ಎಷ್ಟೋ ಸಲ ಒಂದೇ ಬಗೆಯ ವೈ ಕಾಣಸಿಗುತ್ತದೆ. ಸ್ಟೀವನ್‌ಸನ್‌ನಂಥ ಸಾಮಾನ್ಯ ಹೆಸರು ಹಲವು ಊರುಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿದ್ದರಿಂದ ಅಲ್ಲಿ ನಂಟು ಸಡಿಲ. ಇರಲಿ, ವೈ ವರ್ಣತಂತುವಿನಲ್ಲಿರುವ ವಂಶವಾಹಿಗಳೇ ಕಡಿಮೆ. ಇರುವವುಗಳಲ್ಲೂ ಬಹುಪಾಲು ಗಂಡುತನಕ್ಕೆ, ವೀರ್ಯಾಣುವಿಗೆ ಸಂಬಂಧಿಸಿದವು. ಮಸೂರ ಉಜ್ಜುವ ಜಾಣ್ಮೆ ಅದರಲ್ಲಿ ಅಡಗಿರಲು ಜಾಗವಿಲ್ಲ.

ರಾಬರ್ಟ್‌ನನ್ನು ರಾಬರ್ಟ್ ಮಾಡಿದ್ದು ಬೆಲ್ ರಾಕ್. ಹಿರಿಯ ಓದುಗರಲ್ಲಿ ಕೆಲವರಿಗೆ ಶಾಲೆಯ ಇಂಗ್ಲಿಷ್ ಪಾಠದಲ್ಲಿ ಓದಿದ ‘ಇಂಚ್‌ಕೇಪ್ ರಾಕ್’ ಎಂಬ ಕವಿತೆ ನೆನಪಿರಬಹುದು. ಆ ಬಂಡೆಯೇ ಇದು. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಆರ್‌ಬ್ರೋತ್ ಊರಿನಿಂದ ಸುಮಾರು 18 ಕಿ.ಮೀ. ದೂರ, ಸಮುದ್ರದ ನಡುವೆ. ಇಳಿತದ ಹೊತ್ತಿನಲ್ಲಿ ಮಾತ್ರ ತಲೆ ಎತ್ತುತ್ತದೆ, ಭರತ ಬಂದರೆ ಎರಡಾಳು ನೀರಿನಡಿ ಮುಳುಗುತ್ತದೆ. 1804ರಲ್ಲಿ ‘ಯಾರ್ಕ್’ ಎಂಬ ಯುದ್ಧನೌಕೆ ಒಬ್ಬರೂ ಉಳಿಯದಂತೆ ಮುಳುಗಿದ್ದು ಇದಕ್ಕೇ ಬಡಿದು ಎಂದು ನಂಬಲಾಗಿದೆ. ಅಲ್ಲಿ ಕಲ್ಲಿನ ಗೋಪುರ ಕಟ್ಟುತ್ತೇನೆಂದ ರಾಬರ್ಟ್‌ನ ಮಾತಿಗೆ ಮಂಡಳಿ ಮೊದಲು ಕಿವಿಗೊಟ್ಟಿರಲಿಲ್ಲ.

1807ರ ಆಗಸ್ಟಿನಲ್ಲಿ ಕೆಲಸ ಶುರುವಾಯಿತು. ಇಳಿತದ ಎರಡು ಮೂರು ಗಂಟೆ ಬಂಡೆ ಒಡೆಯುವುದು, ನೀರು ಏರಿದೊಡನೆ ದೋಣಿ ಹತ್ತುವುದು. ಕಬ್ಬಿಣದ ಉಳಿಗಳು ಗಳಿಗೆಗೊಮ್ಮೆ ಮೊಂಡಾಗುತ್ತಿದ್ದವು, ಹಾಗಾಗಿ ಬಂಡೆಯ ಮೇಲೇ ಕುಲುಮೆ ಹೂಡಿದರು. ಕಮ್ಮಾರ ಮೊಣಕಾಲವರೆಗಿನ ನೀರಿನಲ್ಲಿ ನಿಂತು ಬೆಂಕಿ ಆರುವವರೆಗೆ ಉಳಿ ಕಾಸುತ್ತಿದ್ದ. ಸೆಪ್ಟೆಂಬರಿನ ಒಂದು ದಿನ ಅವರನ್ನು ಕರೆತಂದ ಹಡಗು ಲಂಗರು ಕಳಚಿ ತೇಲಿಹೋಯಿತು. ಬಂಡೆಯ ಮೇಲೆ 32 ಮಂದಿ. ಉಳಿದ ಎರಡು ದೋಣಿಗಳಲ್ಲಿ ಎಲ್ಲರಿಗೂ ಜಾಗವಿಲ್ಲ. ರಾಬರ್ಟ್‌ಗೆ ಅದು ಮೊದಲೇ ಗೊತ್ತಾಗಿತ್ತು, ತಲೆ ತಗ್ಗಿಸಿ ಕಲ್ಲು ಕಡಿಯುತ್ತಿದ್ದವರಿಗೆ ಗೊತ್ತಿರಲಿಲ್ಲ. ನೀರು ಏರತೊಡಗಿದಾಗ ಎಲ್ಲರೂ ಎದ್ದು ಅವನ ಮುಖ ನೋಡಿದರು. ಮಾತಾಡಲು ಹೋದರೆ ನಾಲಗೆ ಒಣಗಿ ಸ್ವರವೇ ಹೊರಡಲಿಲ್ಲ. ಬಗ್ಗಿ ಬಂಡೆಯ ಗುಂಡಿಯಲ್ಲಿದ್ದ ಉಪ್ಪುನೀರನ್ನೇ ಕುಡಿದ. ತಲೆ ಎತ್ತುವಷ್ಟರಲ್ಲಿ ಯಾರೋ ದೋಣಿ, ದೋಣಿ ಎಂದು ಕೂಗಿದರು. ಆರ್‌ಬ್ರೋತ್‌ನಿಂದ ಕಾಗದಪತ್ರ ತರುತ್ತಿದ್ದ ಜೇಮ್ಸ್ ಸ್ಪಿಂಕ್ ಎಂಬವನ ದೋಣಿ ಅದು. ಈ ಘಟನೆಯನ್ನು ರಾಬರ್ಟ್ ತಾನೇ ಬರೆದಿಟ್ಟಿದ್ದಾನೆ, ತನ್ನ ಹೆದರಿಕೆಯನ್ನು ಮುಚ್ಚಿಡದೆ.

ಗೋಪುರದ ವಿನ್ಯಾಸ ಹೊಸದೇನಲ್ಲ. ಅರ್ಧ ಶತಮಾನದ ಹಿಂದೆ ಇಂಗ್ಲೆಂಡಿನ ಎಡ್ಡಿಸ್ಟೋನ್ ಬಂಡೆಯ ಮೇಲೆ ಜಾನ್ ಸ್ಮೀಟನ್ ಓಕ್ ಮರದ ಬುಡದಂತೆ ಕೆಳಗೆ ಅಗಲ, ಮೇಲೆ ಸಪುರವಾದ ಗೋಪುರ ಕಟ್ಟಿದ್ದ. ಭಾರವೆಲ್ಲ ಬುಡದಲ್ಲಿದ್ದರೆ ಅಲೆಯ ಹೊಡೆತಕ್ಕೆ ಅದು ವಾಲುವುದಿಲ್ಲ. ರಾಬರ್ಟ್ ಬುಡವನ್ನು ಇನ್ನಷ್ಟು ಹರಡಿದ. ಒಂದೊಂದು ಕಲ್ಲಿನ ಚಾಚು ಪಕ್ಕದ ಕಲ್ಲಿನ ಕಚ್ಚಿನೊಳಗೆ ಕೂರುವಂತೆ ದಡದಲ್ಲೇ ಕೆತ್ತಿ, ಜೋಡಿಸಿ ನೋಡಿ, ಬಿಚ್ಚಿ, ಹಡಗಿನಲ್ಲಿ ಸಾಗಿಸಿದರು. ಎರಡೂವರೆ ಸಾವಿರಕ್ಕೂ ಹೆಚ್ಚು ಕಲ್ಲುಗಳ, 35 ಮೀಟರ್ ಎತ್ತರದ ಆ ಗೋಪುರದಲ್ಲಿ 1811ರ ಫೆಬ್ರುವರಿ 1ರಂದು ದೀಪ ಹೊತ್ತಿತು. ಕೀರ್ತಿ ಯಾರದ್ದೆಂಬ ಜಗಳ ಮುಂದೆ ಬಹುಕಾಲ ನಡೆಯಿತು, ಏಕೆಂದರೆ ಕಾಗದದಲ್ಲಿ ಮುಖ್ಯ ಎಂಜಿನಿಯರ್ ಎಂದಿದ್ದವನು ಜಾನ್ ರೆನ್ನಿ. ಬಂಡೆಯ ಮೇಲೆ ಉಪ್ಪುನೀರು ಕುಡಿದವನಿಗೇ ನನ್ನ ಮತ. ಗೋಪುರ ಇವತ್ತೂ ನಿಂತಿದೆ.

ಹಿರಿಮಗ ಅಲನ್ ಸಾಹಿತ್ಯದ ಹುಚ್ಚಿನವನು, ಅಪ್ಪನ ಒತ್ತಾಯಕ್ಕೆ ಎಂಜಿನಿಯರ್ ಆದವನು. ಆದರೂ ಮನೆತನದ ಅತಿ ಚೆಲುವಾದ ಗೋಪುರ ಅವನದೇ: ಪಶ್ಚಿಮ ಕಡಲಿನ ಸ್ಕೆರಿವೋರ್, 48 ಮೀಟರ್. 1838ರಲ್ಲಿ ಕೆಲಸಗಾರರಿಗೆಂದು ಕಟ್ಟಿದ ಮರದ ವಸತಿಯನ್ನು ನವೆಂಬರಿನ ಬಿರುಗಾಳಿ ಗುಡಿಸಿಹಾಕಿತು, ಒಳಗೆ ಯಾರೂ ಇರಲಿಲ್ಲವೆಂಬುದೇ ಪುಣ್ಯ. ದೀಪ ಹೊತ್ತಿದ್ದು 1844ರಲ್ಲಿ. ಅಲನ್ ತಂದ ದೊಡ್ಡ ಬದಲಾವಣೆ ಬೆಳಕಿನದು. ಅಲ್ಲಿಯವರೆಗೆ ಸ್ಕಾಟ್ಲೆಂಡಿನ ದೀಪಗಳು ಬೆಳ್ಳಿ ಲೇಪದ ಪ್ರತಿಫಲಕಗಳನ್ನು ನಂಬಿದ್ದವು. ಬಟ್ಟಲಿನಂಥ ಪ್ರತಿಫಲಕ ಹಿಂದೆ ಹೋದ ಬೆಳಕನ್ನು ಮುಂದಕ್ಕೆ ತಳ್ಳುತ್ತದೆ, ನಿಜ. ಆದರೆ ಲೋಹ ಒಂದಷ್ಟನ್ನು ನುಂಗುತ್ತದೆ, ಮುಂದಕ್ಕೆ ಹೊರಟದ್ದು ಹರಡಿ ಹಾಳಾಗುತ್ತದೆ. ಫ್ರಾನ್ಸಿನ ಫ್ರೆನೆಲ್ ದೀಪದ ಸುತ್ತ ಗಾಜಿನ ಉಂಗುರಗಳನ್ನಿಟ್ಟು ಬೆಳಕನ್ನು ಬಗ್ಗಿಸಿ ಸಮಾನಾಂತರ ಕಿರಣಗಳಾಗಿ ಹೊರಡಿಸಿದ್ದ. ಅಲನ್ ಫ್ರಾನ್ಸಿಗೆ ಹೋಗಿ ಅದನ್ನು ಕಲಿತು ಬಂದು 1835ರಲ್ಲಿ ಇಂಚ್‌ಕೀತ್ ದ್ವೀಪದಲ್ಲಿ ಅಳವಡಿಸಿದ. ಅವನ ಕಿರಿಯ ತಮ್ಮ ಥಾಮಸ್ ಮುಂದುವರಿದು, ದೀಪದಿಂದ ಎತ್ತ ಹೊರಟ ಕಿರಣವನ್ನೂ ಬಿಡದೆ ಹಿಡಿದು ಒಂದೇ ದಿಕ್ಕಿಗೆ ತಿರುಗಿಸುವ ಜೋಡಣೆ ಮಾಡಿದ. ಲೋಹದ ಬದಲು ಗಾಜಿನ ಪಟ್ಟಕಗಳೊಳಗೇ ಬೆಳಕು ಪೂರ್ತಿ ಪ್ರತಿಫಲಿಸುವಂತೆ.

ಈ ಥಾಮಸ್ ನನಗೆ ಎಲ್ಲರಿಗಿಂತ ಇಷ್ಟ. ಅಲೆಯ ಹೊಡೆತ ಎಷ್ಟು ಎಂದು ಯಾರೂ ಅಳೆದಿರಲಿಲ್ಲ, ಅಂದಾಜೇ ಎಲ್ಲ. ಅವನು ಕಬ್ಬಿಣದ ತಟ್ಟೆಯ ಹಿಂದೆ ಗಟ್ಟಿ ಸ್ಪ್ರಿಂಗ್ ಇಟ್ಟು ಬಂಡೆಗೆ ಬಿಗಿದ. ಅಲೆ ಬಡಿದಾಗ ತಟ್ಟೆ ಒಳಸರಿಯುತ್ತದೆ, ಸರಳಿಗೆ ಸುತ್ತಿದ ತೊಗಲಿನ ಉಂಗುರ ಅದು ಎಷ್ಟು ಸರಿಯಿತೆಂಬ ಗುರುತು ಉಳಿಸುತ್ತದೆ. ಇಳಿತದಲ್ಲಿ ಹೋಗಿ ಓದಿಕೊಂಡರಾಯಿತು. 1845ರ ಮಾರ್ಚಿನ ಬಿರುಗಾಳಿಯಲ್ಲಿ ಸ್ಕೆರಿವೋರ್‌ನಲ್ಲಿ ಸಿಕ್ಕ ಅಂಕಿ ಒಂದು ಚದರ ಅಡಿಗೆ 6083 ಪೌಂಡ್, ಎಂದರೆ ಒಂದು ಚದರ ಮೀಟರಿಗೆ ಸುಮಾರು 30 ಟನ್. ಗಾಳಿಗೆ ಓಡಲು ಸಿಗುವ ತೆರೆದ ನೀರಿನ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಅಲೆಯ ಎತ್ತರ ಏರುತ್ತದೆಂಬ ಸೂತ್ರವನ್ನೂ ಅವನು ಕೊಟ್ಟ.

ಇಷ್ಟು ಅಳೆದವನನ್ನೂ ಕಡಲು ಸೋಲಿಸಿತು. ಉತ್ತರದ ವಿಕ್ ಬಂದರಿಗೆ ಸ್ಟೀವನ್‌ಸನ್ನರು ಅಲೆತಡೆ ಗೋಡೆ ಕಟ್ಟುತ್ತಿದ್ದಾಗ, 1872ರ ಡಿಸೆಂಬರಿನಲ್ಲಿ ಅದರ ತುದಿಯ 1350 ಟನ್ ತೂಕದ ಇಡೀ ಗಡ್ಡೆಯನ್ನು ಅಲೆಗಳು ಸರಿಸಿಹಾಕಿದವು. ಅದರ ಬದಲು 2600 ಟನ್ನಿನದನ್ನು ಕೂರಿಸಿದರು. 1877ರಲ್ಲಿ ಅದೂ ಹೋಯಿತು. ಕಾಮಗಾರಿ ಕೈಬಿಟ್ಟರು.

ಥಾಮಸ್‌ನ ಒಂದು ಸಣ್ಣ ಕೆಲಸ ಮಾತ್ರ ಗೋಪುರಗಳಿಗಿಂತ ದೂರ ಹೋಯಿತು. ಬಿಸಿಲು ನೇರ ಬಿದ್ದರೆ ಉಷ್ಣಮಾಪಕ ತನ್ನ ಬಿಸಿಯನ್ನೇ ತೋರಿಸುತ್ತದೆ, ಗಾಳಿಯದನ್ನಲ್ಲ. ಮುಚ್ಚಿಟ್ಟರೆ ಒಳಗಿನ ಗಾಳಿ ಉಸಿರುಗಟ್ಟುತ್ತದೆ. 1860ರ ದಶಕದಲ್ಲಿ ಅವನು ಮಾಡಿದ ಉಪಾಯ: ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆ, ನಾಲ್ಕೂ ಬದಿಗೆ ಓರೆ ಪಟ್ಟಿಗಳ ಇಮ್ಮಡಿ ಜಾಲಂದರ. ಬೆಳಕು ಒಳಬರುವುದಿಲ್ಲ, ಗಾಳಿ ಆಡುತ್ತದೆ. ನಮ್ಮ ಹವಾಮಾನ ಇಲಾಖೆಯ ವೀಕ್ಷಣಾಲಯಗಳಲ್ಲಿ ಕಾಲುಗಳ ಮೇಲೆ ನಿಂತಿರುವುದು ಇದೇ ಸ್ಟೀವನ್‌ಸನ್ ಪೆಟ್ಟಿಗೆ. ಬಾಗಿಲು ತೆರೆದಾಗ ಬಿಸಿಲು ಬೀಳದಿರಲೆಂದು ಅದರ ಮುಖ ಉತ್ತರಕ್ಕೆ. ಏಪ್ರಿಲಿನಲ್ಲಿ ಕಲಬುರಗಿ, ರಾಯಚೂರುಗಳ ತಾಪಮಾನ 42 ಡಿಗ್ರಿ ಎಂದು ಪತ್ರಿಕೆಯಲ್ಲಿ ಓದಿದರೆ ಅದು ಇಂಥ ಪೆಟ್ಟಿಗೆಯ ನೆರಳಿನ ಲೆಕ್ಕ. ಬಿಸಿಲಲ್ಲಿ ನಿಂತವರಿಗೆ ಅದು ಕಡಿಮೆ ಅನ್ನಿಸುವುದು ಸಹಜ.

ಥಾಮಸ್‌ನ ಒಬ್ಬನೇ ಮಗ ರಾಬರ್ಟ್ ಲೂಯಿ ದಡ್ಡನಾಗಿದ್ದರಿಂದ ಕಸುಬು ಬಿಟ್ಟದ್ದಲ್ಲ. 1871ರಲ್ಲಿ ದೀಪ ಮಿನುಗಿಸುವ ಹೊಸ ವಿಧಾನದ ಬಗ್ಗೆ ಪ್ರಬಂಧ ಓದಿ ಬೆಳ್ಳಿ ಪದಕ ಗಿಟ್ಟಿಸಿದ್ದ. ಅದಾದ ಕೆಲವೇ ದಿನಗಳಲ್ಲಿ ಎಂಜಿನಿಯರಿಂಗ್ ತನಗೆ ಬೇಡವೆಂದು ಅಪ್ಪನಿಗೆ ಹೇಳಿದ. ಬಲ್ಲ ಕೆಲಸವನ್ನು ಬೇಡವೆನ್ನುವ ಸ್ವಭಾವ ಯಾವ ವಂಶಾವಳಿಯಲ್ಲೂ ನಮೂದಾಗುವುದಿಲ್ಲ. ‘ಕಿಡ್‌ನ್ಯಾಪ್ಡ್’ ಕಾದಂಬರಿಯ ನಾಯಕ ಸಿಕ್ಕಿಬೀಳುವ ಎರೇಡ್ ದ್ವೀಪ ಮಾತ್ರ ಮನೆಯವರು ದೀಪಸ್ತಂಭಕ್ಕೆ ಕಲ್ಲು ಕೆತ್ತಿಸಿದ ಜಾಗವೇ.

ಇನ್ನು ಹೊರಗಿನವರು ಈ ವಿದ್ಯೆ ಕಲಿಯಲಾರರೆ? ಜಪಾನ್ ಸರ್ಕಾರಕ್ಕೆ ದೀಪಸ್ತಂಭಗಳು ಬೇಕಾದಾಗ ಸ್ಟೀವನ್‌ಸನ್ನರು ಆರಿಸಿದ್ದು ರೈಲ್ವೆ ಕೆಲಸ ಬಲ್ಲ ರಿಚರ್ಡ್ ಹೆನ್ರಿ ಬ್ರಂಟನ್‌ನನ್ನು. ದೀಪಸ್ತಂಭದ ಅನುಭವವೇ ಇಲ್ಲದ ಅವನಿಗೆ ಕೆಲವು ತಿಂಗಳು ತರಬೇತಿ ಕೊಟ್ಟು 1868ರಲ್ಲಿ ಕಳಿಸಿದರು. ಅವನು ಅಲ್ಲಿ 26 ದೀಪಸ್ತಂಭಗಳನ್ನು ಕಟ್ಟಿದ.

ಅತ್ತ ಮನೆಯೊಳಗೆ ಹುಟ್ಟಿಯೂ ಕಲಿಯದವರು ಹೆಣ್ಣುಮಕ್ಕಳು. ರಕ್ತ ಅದೇ, ಊಟದ ಮೇಜಿನ ಮಾತೂ ಅದೇ; ಕಚೇರಿಯ ಬಾಗಿಲು ಮಾತ್ರ ಗಂಡುಮಕ್ಕಳಿಗೆ. ಥಾಮಸ್‌ನ ಅಣ್ಣ ಡೇವಿಡ್‌ನ ಮಗ ಡೇವಿಡ್ ಅಲನ್ 1938ರವರೆಗೆ ಬದುಕಿದ್ದ, ಅನೇಕ ದೀಪಸ್ತಂಭಗಳನ್ನು ಕಟ್ಟಿದ. ಅವನ ಮಗಳು ಡೊರೊತಿ ವಿಶ್ವವಿದ್ಯಾಲಯಕ್ಕೆ ಹೋಗುತ್ತೇನೆಂದರೆ ಒಪ್ಪಲಿಲ್ಲ. ಆಕೆ ಡಿ. ಇ. ಸ್ಟೀವನ್‌ಸನ್ ಎಂಬ ಹೆಸರಿನಲ್ಲಿ ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದಳು. ಮನೆತನದ ಕೊನೆಯ ದೀಪಸ್ತಂಭ ಎಂಜಿನಿಯರ್, ಅವಳ ಚಿಕ್ಕಪ್ಪನ ಮಗ ಡಿ. ಅಲನ್, 1971ರಲ್ಲಿ ತೀರಿಕೊಂಡ.